ಡ್ರಮ್ ನೊಟೇಶನ್ ಓದುವುದು, ಕೈ ಪಳಗಿಸುವುದು: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಡ್ರಮ್ಸ್ ಕಲಿಯುವವರಲ್ಲಿ ತುಂಬಾ ಜನ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ವೀಡಿಯೋ ನೋಡಿ ಹತ್ತಾರು ಬೀಟ್ ಕಲಿತಿರುತ್ತಾರೆ. ಹಾಡು ಹಾಕಿಕೊಂಡು ಜೊತೆಗೆ ನುಡಿಸುತ್ತಾರೆ. ಆದರೆ ನೊಟೇಶನ್ ಹಾಳೆ, ಅಂದರೆ ಗುರುತುಗಳಲ್ಲಿ ಬರೆದ ಸಂಗೀತ, ಮುಂದಿಟ್ಟರೆ ಎರಡನೇ ಬಾರ್‌ಗೇ (ಬಾರ್ ಎಂದರೆ ಎರಡು ನೆಟ್ಟ ಗೆರೆಗಳ ನಡುವಿನ ಒಂದು ತುಂಡು) ಕೈ ನಿಂತುಬಿಡುತ್ತದೆ. ಟ್ರಿನಿಟಿ, ರಾಕ್‌ಸ್ಕೂಲ್ ಗ್ರೇಡ್ ಪರೀಕ್ಷೆಗೆ ಕೂರುವವರಿಗಂತೂ ಈ ಕಷ್ಟ ಚೆನ್ನಾಗಿ ಗೊತ್ತು.

ಹೀಗಾಗುವುದು ಕೆಲಸದ ಕ್ರಮ ತಪ್ಪಿದ್ದರಿಂದ. ಯಾವ ಡ್ರಮ್? ಯಾವ ಕ್ಷಣಕ್ಕೆ? ಯಾವ ಕೈ? ಈ ಮೂರನ್ನೂ ಒಟ್ಟಿಗೇ ಬಿಡಿಸಲು ಹೋದರೆ ತಲೆ ಕೆಡುತ್ತದೆ. ಬೇರೆ ಬೇರೆ ಮಾಡಿಕೊಂಡರೆ ಒಂದೊಂದೂ ಸುಲಭವೇ. ಮೊದಲು ಕಣ್ಣು, ಆಮೇಲೆ ಬಾಯಿ, ಆಮೇಲೆ ಚಪ್ಪಾಳೆ, ಆಮೇಲೆ ಪ್ಯಾಡ್, ಕೊನೆಗೆ ಕಿಟ್, ಅಂದರೆ ಪೂರ್ತಿ ಡ್ರಮ್ ಸೆಟ್. ಬಾಯಲ್ಲಿ ಹೇಳಲು ಬರದ ಬಾರ್ ಅನ್ನು ಕೈಯಲ್ಲಿ ನುಡಿಸಲು ಹೋಗಬೇಡಿ. ಇಲ್ಲಿನ ಎಲ್ಲ ಹಂತಗಳೂ ಈ ಒಂದು ನಿಯಮದ ಮೇಲೆ ನಿಂತಿವೆ.

## ಬೇಕಾದ ಸಾಮಾನು

ಒಂದು ಜೊತೆ ಸ್ಟಿಕ್, ರಬ್ಬರಿನ ಪ್ರ್ಯಾಕ್ಟೀಸ್ ಪ್ಯಾಡ್, ಫೋನಿನಲ್ಲಿ ಒಂದು ಮೆಟ್ರೊನೋಮ್ ಆ್ಯಪ್ (ಸಮವಾಗಿ ಟಿಕ್ ಟಿಕ್ ಅಂದು ವೇಗ ಹೇಳುವುದು), ಪೆನ್ಸಿಲ್, ಗೆರೆ ಎಳೆದ ನೋಟ್‌ಬುಕ್. ಇಷ್ಟು ಸಾಕು. ಮೊದಲ ಐದು ಹಂತಕ್ಕೆ ಕಿಟ್ ಬೇಕಾಗಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ನೆಮ್ಮದಿಯ ಸುದ್ದಿಯೇ.

ಸ್ಟಿಕ್ 5ಎ ಅಳತೆಯದ್ದು ತಗೊಳ್ಳಿ. ಉದ್ದ ಸುಮಾರು 16 ಇಂಚು ಇರುತ್ತದೆ, ತೀರಾ ದಪ್ಪವೂ ಅಲ್ಲ, ತೀರಾ ಸಣ್ಣದೂ ಅಲ್ಲ. 7ಎ ಇದಕ್ಕಿಂತ ತೆಳ್ಳಗೆ, 5ಬಿ ಇದಕ್ಕಿಂತ ದಪ್ಪ. ಅಂಗಡಿಯಲ್ಲೇ ಗಾಜಿನ ಕೌಂಟರ್ ಮೇಲೆ ಸ್ಟಿಕ್ ಉರುಳಿಸಿ ನೋಡಿ. ತೊನೆಯುತ್ತಾ ಉರುಳಿದರೆ ಅದು ಬಾಗಿದೆ ಎಂದರ್ಥ, ಬೇರೆ ಕೇಳಿ.

ಪ್ಯಾಡ್ ಬದಲು ದಿಂಬಿನ ಮೇಲೆ ಬಡಿದು ಕಲಿಯಿರಿ ಅಂತ ಯಾರಾದರೂ ಹೇಳಿದರೆ ಸದ್ಯಕ್ಕೆ ಕೇಳಬೇಡಿ. ದಿಂಬಿನಲ್ಲಿ ಸ್ಟಿಕ್ ಪುಟಿಯುವುದಿಲ್ಲ. ಪುಟಿತವನ್ನು ಬಳಸುವುದನ್ನೇ ನಾವು ಮೊದಲು ಕಲಿಯಬೇಕು. ದಿಂಬು ಆಮೇಲೆ, ಮಣಿಕಟ್ಟಿಗೆ ಬಲ ಬರಿಸಲು.

## ಹಂತ 1: ಐದು ಗೆರೆಗಳ ನಕ್ಷೆ

ಡ್ರಮ್ ನೊಟೇಶನ್ನಿಗೂ ಕೀಬೋರ್ಡಿನವರು ಬಳಸುವ ಅದೇ ಐದು ಗೆರೆ. ಶುರುವಿನಲ್ಲಿ ಎರಡು ದಪ್ಪ ನೆಟ್ಟ ಗೆರೆ ಇರುತ್ತದೆ. ಅದು ತಾಳವಾದ್ಯದ ಗುರುತು. ಅದು ಕಂಡರೆ ಈ ಗೆರೆಗಳು ಸ್ವರ ಹೇಳುತ್ತಿಲ್ಲ, ಯಾವ ಡ್ರಮ್ ಎಂದು ಹೇಳುತ್ತಿವೆ ಅಂತ ತಿಳಿಯಿರಿ.

ಎರಡು ವಿಷಯ ನೆನಪಿದ್ದರೆ ಅರ್ಧ ನಕ್ಷೆ ಬಂದ ಹಾಗೆ. ನೋಟ್‌ಗೆ, ಅಂದರೆ ಒಂದು ಹೊಡೆತದ ಗುರುತಿಗೆ, ಗುಂಡಗಿನ ತಲೆ ಇದ್ದರೆ ಡ್ರಮ್, × ಆಕಾರದ ತಲೆ ಇದ್ದರೆ ಸಿಂಬಲ್, ಅಂದರೆ ಲೋಹದ ತಟ್ಟೆ. ಮತ್ತೆ, ಕಾಲಿನವು ಕೆಳಗೆ, ಸಿಂಬಲ್ ಮೇಲೆ. ಕಿಟ್ ಮುಂದೆ ಕೂತಾಗ ಇರುವುದೂ ಹಾಗೇ ಅಲ್ವಾ?

ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗೋಣ. ಐದೂ ಗೆರೆಗಳ ಕೆಳಗೆ × ಇದ್ದರೆ ಕಾಲಲ್ಲಿ ಒತ್ತುವ ಹೈ-ಹ್ಯಾಟ್ (ಒಂದರ ಮೇಲೊಂದು ಕೂತ ಜೋಡಿ ಸಿಂಬಲ್). ಅತಿ ಕೆಳಗಿನ ಎರಡು ಗೆರೆಗಳ ನಡುವಿನ ಜಾಗ ಕಿಕ್, ಅಂದರೆ ಬೇಸ್ ಡ್ರಮ್. ಅದರ ಮೇಲಿನ ಜಾಗ ಫ್ಲೋರ್ ಟಾಮ್, ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್. ಕೆಳಗಿನಿಂದ ಮೂರನೇ ಜಾಗ ಸ್ನೇರ್, ಕೂತಾಗ ಎದುರಿಗೇ ಇರುವ ಚುರುಕು ದನಿಯ ಡ್ರಮ್. ನಾಲ್ಕನೇ ಗೆರೆಯ ಮೇಲೆ ಕೂತದ್ದು ನಡುವಿನ ಟಾಮ್. ನಾಲ್ಕನೇ ಜಾಗದ್ದು ಚಿಕ್ಕ ಟಾಮ್. ಅತಿ ಮೇಲಿನ ಗೆರೆಗೆ ತಾಗಿಯೇ × ಕೂತಿದ್ದರೆ ರೈಡ್. ಆ ಗೆರೆಗಿಂತ ಮೇಲೆ × ಇದ್ದರೆ ಕೈಯಲ್ಲಿ ನುಡಿಸುವ ಹೈ-ಹ್ಯಾಟ್. ಇನ್ನೂ ಮೇಲೆ, ತನ್ನದೇ ತುಂಡು ಗೆರೆಯ ಮೇಲೆ × ಕೂತಿದ್ದರೆ ಕ್ರ್ಯಾಶ್.

ಹೈ-ಹ್ಯಾಟಿನ ತಲೆಯ ಮೇಲೆ ಸಣ್ಣ ಸೊನ್ನೆ ಇದ್ದರೆ ತೆರೆದು ನುಡಿಸಬೇಕು, + ಇದ್ದರೆ ಮುಚ್ಚಿ.

ಇದನ್ನು ಓದಿ ಉರು ಹೊಡೆಯಬೇಡಿ. ಪ್ರತಿದಿನ ನೋಟ್‌ಬುಕ್ಕಿನಲ್ಲಿ ಐದು ಗೆರೆ ಎಳೆದು, ಪುಸ್ತಕ ನೋಡದೆ ಎಲ್ಲವನ್ನೂ ಬರೆಯಿರಿ. ಬರೆದವರಿಗೆ ಬೇಗ ಬರುತ್ತದೆ.

ಎಚ್ಚರಿಕೆ: ಎಲ್ಲ ಪ್ರಕಾಶಕರೂ ಒಂದೇ ನಕ್ಷೆ ಬಳಸುವುದಿಲ್ಲ. ಕಿಕ್, ಸ್ನೇರ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಟಾಮ್, ರೈಡ್, ಕ್ರ್ಯಾಶ್ ಜಾಗ ಬದಲಾಗುತ್ತವೆ. ಹೊಸ ಪುಸ್ತಕ ತೆರೆದರೆ ಮೊದಲು ಅದರ ಮುಂದಿನ ಪುಟಗಳಲ್ಲಿರುವ ನಕ್ಷೆ ನೋಡಿ, ಆಮೇಲೆ ಸ್ಟಿಕ್ ಎತ್ತಿ.

## ಹಂತ 2: ನೋಟ್‌ನ ಉದ್ದ

ಹಾಳೆಯ ಆರಂಭದಲ್ಲಿ 4/4 ಎಂದಿದ್ದರೆ ಒಂದು ಬಾರ್‌ನಲ್ಲಿ ನಾಲ್ಕು ಬೀಟ್, ಒಂದೊಂದು ಬೀಟ್‌ಗೂ ಒಂದು ಕ್ವಾರ್ಟರ್ ನೋಟ್. ಕ್ವಾರ್ಟರ್ ನೋಟಿಗೆ ಬರೀ ಕಡ್ಡಿ ಇರುತ್ತದೆ. ಕಡ್ಡಿಗೆ ಒಂದು ಬಾಲ ಅಥವಾ ಒಂದು ಅಡ್ಡಪಟ್ಟಿ ಸೇರಿದರೆ ಏಯ್ತ್ ನೋಟ್, ಬೀಟ್‌ಗೆ ಎರಡು. ಎರಡು ಅಡ್ಡಪಟ್ಟಿ ಇದ್ದರೆ ಸಿಕ್ಸ್‌ಟೀಂತ್, ಬೀಟ್‌ಗೆ ನಾಲ್ಕು. ಟ್ರಿನಿಟಿಯಂಥ ಬ್ರಿಟಿಷ್ ಪುಸ್ತಕಗಳಲ್ಲಿ ಇವನ್ನೇ ಕ್ರಾಚೆಟ್, ಕ್ವೇವರ್, ಸೆಮಿಕ್ವೇವರ್ ಅನ್ನುತ್ತಾರೆ. ಹೆಸರು ಬೇರೆ, ಲೆಕ್ಕ ಅದೇ.

ಪಿಟೀಲಿನಲ್ಲಿ ಉದ್ದದ ನೋಟ್ ಎಂದರೆ ಅಷ್ಟು ಹೊತ್ತು ಎಳೆಯಬೇಕು. ಸ್ನೇರ್ ಅನ್ನು ಎಳೆಯಲು ಆಗುವುದಿಲ್ಲ, ಹೊಡೆದ ಕೂಡಲೇ ಸದ್ದು ಮುಗಿಯುತ್ತದೆ. ಹಾಗಾಗಿ ನಮಗೆ ನೋಟ್‌ನ ಉದ್ದ ಎಂದರೆ ಮುಂದಿನ ಹೊಡೆತಕ್ಕೆ ಎಷ್ಟು ಕಾಯಬೇಕು ಅನ್ನುವುದು ಮಾತ್ರ. ಒಂದು ಕ್ವಾರ್ಟರ್ ನೋಟ್ ಬರೆದರೂ, ಒಂದು ಏಯ್ತ್ ನೋಟ್ ಬರೆದು ಪಕ್ಕದಲ್ಲಿ ಅಷ್ಟೇ ಉದ್ದದ ವಿರಾಮ ಬರೆದರೂ ಸ್ನೇರ್‌ನಲ್ಲಿ ಕೇಳುವುದು ಒಂದೇ ಥರ. ಇದು ಗೊತ್ತಾಗದೆ ಎಷ್ಟೋ ಜನ ಎರಡನ್ನೂ ಬೇರೆ ಬೇರೆ ನುಡಿಸಲು ಒದ್ದಾಡುತ್ತಾರೆ.

ವಿರಾಮದ ಗುರುತುಗಳನ್ನೂ ಈಗಲೇ ಕಲಿಯಿರಿ. ಓದುವುದರಲ್ಲಿ ಆಗುವ ತಪ್ಪುಗಳು ಹೊಡೆತದಲ್ಲಿ ಕಡಿಮೆ, ಮೌನದಲ್ಲಿ ಜಾಸ್ತಿ.

## ಹಂತ 3: ಬಾಯಲ್ಲಿ ಹೇಳಿ, ಚಪ್ಪಾಳೆ ತಟ್ಟಿ

ಎಲ್ಲರೂ ಹಾರಿಸುವುದು ಈ ಹಂತವನ್ನೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೆಟ್ರೊನೋಮ್ 60ಕ್ಕೆ ಇಡಿ. ಸೆಕೆಂಡಿಗೊಂದು ಟಿಕ್. ಕಾಲಲ್ಲಿ ಟಿಕ್ ಜೊತೆ ತಟ್ಟುತ್ತಾ ಬಾಯಲ್ಲಿ ಒನ್, ಟೂ, ತ್ರೀ, ಫೋರ್ ಹೇಳಿ. ಎಣಿಕೆ ಮಾತ್ರ ಇಂಗ್ಲಿಷಿನಲ್ಲೇ ಇರಲಿ. ‘ಒಂದು, ಎರಡು’ ಅಂತ ಎಣಿಸಿದರೆ ಒಂದಕ್ಕೆ ಎರಡು ಅಕ್ಷರ, ಎರಡಕ್ಕೆ ಮೂರು, ವೇಗ ಏರಿದಾಗ ನಾಲಿಗೆ ತೊಡರುತ್ತದೆ.

ಏಯ್ತ್ ನೋಟಿಗೆ ‘ಒನ್ ಆ್ಯಂಡ್ ಟೂ ಆ್ಯಂಡ್’. ಸಿಕ್ಸ್‌ಟೀಂತ್‌ಗೆ ‘ಒನ್ ಇ ಆ್ಯಂಡ್ ಅ’. ಪುಸ್ತಕದಲ್ಲಿ ಆ್ಯಂಡ್ ಜಾಗದಲ್ಲಿ & ಅಂತ ಇರುತ್ತದೆ.

ಮೃದಂಗವೋ ಕೊನ್ನಕ್ಕೋಲೋ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು) ಗೊತ್ತಿದ್ದವರಿಗೆ ಇದು ಅರ್ಧ ಬಂದೇ ಇದೆ. ಬೀಟ್‌ಗೆ ನಾಲ್ಕು ಎಂದರೆ ತ ಕ ದಿ ಮಿ, ಮೂರು ಎಂದರೆ ತ ಕಿ ಟ. 4/4ರ ಎರಡು ಬಾರ್ ಸೇರಿದರೆ ಆದಿತಾಳದ ಎಂಟು ಅಕ್ಷರದ ಒಂದು ಆವರ್ತನದಷ್ಟು ಉದ್ದ. ಧಾರಾಳವಾಗಿ ಇದನ್ನು ಬಳಸಿ. ಎರಡು ಕಡೆ ಮಾತ್ರ ಹುಷಾರು. ಒಂದು, ಮೃದಂಗದ ಸೊಲ್ಲು ಹೊಡೆತವನ್ನೂ ಹೇಳುತ್ತದೆ, ಇಲ್ಲಿ ಅದು ಬರೀ ಕಾಲದ ಜಾಗ. ‘ತ’ ಬಂತು ಅಂತ ಬಲಗೈಯೇ ಹೋಗಬೇಕಾಗಿಲ್ಲ. ಇನ್ನೊಂದು, ಸಮದ ಮೇಲೆ ಒತ್ತು ಕೊಟ್ಟು ಅಭ್ಯಾಸವಾದವರು ರಾಕ್ ಬೀಟ್ ನುಡಿಸುವಾಗಲೂ ಒಂದರ ಮೇಲೇ ಭಾರ ಹಾಕುತ್ತಾರೆ. ಅಲ್ಲಿ ಸ್ನೇರ್ ಕೇಳಬೇಕಾದ್ದು ಎರಡು ಮತ್ತು ನಾಲ್ಕರಲ್ಲಿ.

ಈಗ ನಿಜವಾದ ಕಸರತ್ತು. ಒಂದು ಬೀಟ್‌ನಲ್ಲಿ ನಾಲ್ಕು ಮನೆ ಇದೆ: 1, ಇ, &, ಅ. ಪ್ರತಿ ಮನೆಯಲ್ಲೂ ಒಂದೋ ಹೊಡೆತ ಇರುತ್ತದೆ, ಇಲ್ಲವೋ ಮೌನ. ಹಾಗಾದರೆ ಒಟ್ಟು ಸಾಧ್ಯತೆ 16 ಮಾತ್ರ. ಅದರಲ್ಲಿ ಒಂದು ಪೂರ್ತಿ ಮೌನ. ಉಳಿದ 15 ಆಕಾರ ಬಂದರೆ ಸಾಮಾನ್ಯ ರಾಕ್, ಪಾಪ್ ಹಾಳೆಗಳಲ್ಲಿ ಬರುವ ಹೆಚ್ಚಿನದೆಲ್ಲ ಬಂತು. ಮೊದಲು ಇವನ್ನು ಹಿಡಿಯಿರಿ:

1 ಇ & ಅ
1 – & ಅ
1 ಇ & –
1 – – ಅ
1 ಇ – ಅ
– ಇ & ಅ

ಬಾಯಿ ಯಾವಾಗಲೂ ನಾಲ್ಕೂ ಮನೆಯನ್ನು ಹೇಳುತ್ತಿರಬೇಕು. ಹೊಡೆತ ಇದ್ದಲ್ಲಿ ಮಾತ್ರ ಚಪ್ಪಾಳೆ. ಗೆರೆ ಇದ್ದ ಮನೆಯನ್ನು ಪಿಸುದನಿಯಲ್ಲಾದರೂ ಹೇಳಲೇಬೇಕು. ಹೊಡೆತವನ್ನು ಮಾತ್ರ ಎಣಿಸುವವರು ‘1 – – ಅ’ ಬಂದಾಗ ನಡುವಿನ ಎರಡು ಮನೆ ನುಂಗಿ ಅವಸರವಾಗಿ ಮುಂದೆ ಹೋಗುತ್ತಾರೆ. ಟೆಂಪೋ, ಅಂದರೆ ನುಡಿಸುವ ವೇಗ, ಓಡುವುದು ಹೆಚ್ಚಾಗಿ ಇಲ್ಲಿಂದಲೇ.

ಎರಡನೇ ಮತ್ತು ಮೂರನೇ ಆಕಾರ ಅದಲುಬದಲಾಗುವುದು ತೀರಾ ಸಾಮಾನ್ಯ. ಎರಡರಲ್ಲೂ ಮೂರು ತಲೆ, ನೋಡಲು ಒಂದೇ ಥರ. ತಲೆ ನೋಡಬೇಡಿ, ಅಡ್ಡಪಟ್ಟಿ ನೋಡಿ. ಎರಡನೇ ಪಟ್ಟಿ ಬಲಗಡೆ ಇದ್ದರೆ ಮೊದಲ ನೋಟ್ ಉದ್ದ: ‘1 – & ಅ’. ಎಡಗಡೆ ಇದ್ದರೆ ಕೊನೆಯದು ಉದ್ದ: ‘1 ಇ & –’.

ಮೆಟ್ರೊನೋಮ್ ನಿಲ್ಲಿಸದೆ ಒಂದು ಆಕಾರದಿಂದ ಇನ್ನೊಂದಕ್ಕೆ ತಡವರಿಸದೆ ದಾಟಲು ಬಂದರೆ ಮುಂದಿನ ಹಂತಕ್ಕೆ ಹೋಗಿ. ಮಾತು ನಿಂತು ಚಪ್ಪಾಳೆ ಮಾತ್ರ ಮುಂದುವರಿಯುತ್ತಿದೆಯೇ? ಹಾಗಾದರೆ ನೀವು ಓದುತ್ತಿಲ್ಲ, ಅಂದಾಜು ಮಾಡುತ್ತಿದ್ದೀರಿ.

## ಹಂತ 4: ಹಿಡಿತ ಮತ್ತು ನಾಲ್ಕು ಥರದ ಹೊಡೆತ

ಸ್ಟಿಕ್‌ನ ಹಿಂತುದಿಯಿಂದ ಸುಮಾರು ಮೂರನೇ ಒಂದು ಭಾಗದಷ್ಟು ಮುಂದೆ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸಡಿಲವಾಗಿ ಹಿಡಿಯಿರಿ. ತುದಿಯನ್ನು ಪ್ಯಾಡ್ ಮೇಲೆ ಬಿಟ್ಟು ಎಷ್ಟು ಸಲ ಪುಟಿಯುತ್ತದೆ ನೋಡಿ. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಸರಿಸಿ ಮತ್ತೆ ಬಿಡಿ. ಅತಿ ಹೆಚ್ಚು ಪುಟಿಯುವ ಜಾಗವೇ ನಿಮ್ಮ ಹಿಡಿತದ ಜಾಗ. ಉಳಿದ ಮೂರು ಬೆರಳು ಸ್ಟಿಕ್ ಸುತ್ತ ಸುಮ್ನೆ ಕೂತಿರಲಿ. ಬಿಗಿಯುವುದೂ ಬೇಡ, ಗಾಳಿಯಲ್ಲಿ ಹಾರುವುದೂ ಬೇಡ.

ಅಂಗೈ ನೆಲದ ಕಡೆಗೆ. ಪ್ಯಾಡ್‌ನ ಎತ್ತರ ಮೊಣಕೈಗಿಂತ ತುಸು ಕೆಳಗೆ. ಭುಜ ಇಳಿದಿರಲಿ. ಬಾಗಿಲು ತಟ್ಟುವಾಗ ಮಣಿಕಟ್ಟು ಆಡುವ ಹಾಗೆ ಇಲ್ಲೂ ಅದೇ ಆಡಬೇಕು, ಮೊಣಕೈ ಅಲ್ಲ.

ಹೊಡೆತದಲ್ಲಿ ನಾಲ್ಕು ಬಗೆ. ಮೇಲಿನಿಂದ ಶುರುವಾಗಿ ಮೇಲೇ ಮುಗಿಯುವುದು ಫುಲ್. ಮೇಲಿನಿಂದ ಬಂದು ಕೆಳಗೇ ನಿಲ್ಲುವುದು ಡೌನ್. ಕೆಳಗೇ ಶುರು, ಕೆಳಗೇ ಕೊನೆ, ಅದು ಟ್ಯಾಪ್. ಕೆಳಗಿನಿಂದ ಮೆಲ್ಲಗೆ ತಟ್ಟಿ ಮೇಲಕ್ಕೆ ಎದ್ದು ನಿಲ್ಲುವುದು ಅಪ್. ಮೇಲೆ ಎಂದರೆ ಪ್ಯಾಡ್‌ನಿಂದ ಸುಮಾರು 30 ಸೆಂಟಿಮೀಟರ್, ಕೆಳಗೆ ಎಂದರೆ 5 ಸೆಂಟಿಮೀಟರ್.

ಇದಕ್ಕೂ ಓದುವುದಕ್ಕೂ ಏನು ಸಂಬಂಧ? ನೋಟ್ ಮೇಲೆ > ಇದ್ದರೆ ಆ್ಯಕ್ಸೆಂಟ್, ಜೋರಾಗಿ ನುಡಿಸಬೇಕು. ನೋಟ್ ಕಂಸದೊಳಗಿದ್ದರೆ ಘೋಸ್ಟ್ ನೋಟ್, ಕೇಳಿಯೂ ಕೇಳದ ಹಾಗೆ ನುಡಿಸಬೇಕು. ಆದರೆ ಕೈ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಈಗಿನ ನೋಟ್ ಹೇಳುವುದಿಲ್ಲ, ಅದೇ ಕೈಗೆ ಮುಂದೆ ಬರುವ ನೋಟ್ ಹೇಳುತ್ತದೆ. ಒಂದೇ ಕೈಯಲ್ಲಿ ನಾಲ್ಕು ಹೊಡೆತ, ಮೊದಲನೆಯದಕ್ಕೆ ಮಾತ್ರ ಆ್ಯಕ್ಸೆಂಟ್ ಅಂದುಕೊಳ್ಳಿ. ನುಡಿಸುವುದು ಡೌನ್, ಟ್ಯಾಪ್, ಟ್ಯಾಪ್, ಅಪ್. ನಾಲ್ಕನೆಯದು ಮೆಲ್ಲಗಿನ ಹೊಡೆತವಾದರೂ ಕೈ ಮೇಲೆ ಏಳಬೇಕು, ಯಾಕೆಂದರೆ ಮುಂದೆ ಆ್ಯಕ್ಸೆಂಟ್ ಕಾದಿದೆ. ಮುಂದಿನ ನೋಟ್ ನೋಡುವ ಅಭ್ಯಾಸ ಇಲ್ಲಿಂದಲೇ ಶುರುವಾಗುತ್ತದೆ. ಆ್ಯಕ್ಸೆಂಟ್ ಮತ್ತು ಸಾದಾ ನೋಟ್ ಒಂದೇ ಜೋರಿನಲ್ಲಿ ಕೇಳುತ್ತಿದ್ದರೆ ಇನ್ನೂ ಜೋರಾಗಿ ಹೊಡೆಯಲು ಹೋಗಬೇಡಿ. ಸಾದಾ ನೋಟನ್ನು ತಗ್ಗಿಸಿ.

ಎಚ್ಚರಿಕೆಯ ಲಕ್ಷಣಗಳು: ಬೆರಳ ಗೆಣ್ಣು ಬೆಳ್ಳಗಾಗುವುದು, ಮುಂಗೈ ಉರಿಯುವುದು, ಸ್ಟಿಕ್ ಪದೇ ಪದೇ ಹಿಂದಕ್ಕೆ ಜಾರುವುದು. ಇವೆಲ್ಲ ಬಿಗಿ ಹಿಡಿತದ ಗುರುತು. ವೇಗ ಇಳಿಸಿ. ಮಣಿಕಟ್ಟಿನಲ್ಲಿ ಚುಚ್ಚಿದಂಥ ನೋವು ಅಥವಾ ಬೆರಳಲ್ಲಿ ಜೋಮು ಬಂದರೆ ಅವತ್ತಿಗೆ ನಿಲ್ಲಿಸಿ. ವಿಶ್ರಾಂತಿ ಕೊಟ್ಟರೂ ಹೋಗದಿದ್ದರೆ ಡಾಕ್ಟರ್‌ಗೆ ತೋರಿಸಿ. ನೋವು ತಡೆದುಕೊಂಡು ಮಾಡುವ ಸಾಧನೆ ಸಾಧನೆಯಲ್ಲ.

## ಹಂತ 5: ರುಡಿಮೆಂಟ್, ಸದ್ಯಕ್ಕೆ ನಾಲ್ಕೇ

ಪರ್ಕಸಿವ್ ಆರ್ಟ್ಸ್ ಸೊಸೈಟಿಯ ಪಟ್ಟಿಯಲ್ಲಿ 40 ರುಡಿಮೆಂಟ್, ಅಂದರೆ ಕೈಗಳ ಮೂಲಪಾಠ, ಇವೆ. ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಎಲ್ಲವನ್ನೂ ಒಟ್ಟಿಗೆ ಶುರುಮಾಡುವವರು ಯಾವುದನ್ನೂ ಮುಗಿಸುವುದಿಲ್ಲ. ಈ ನಾಲ್ಕು ಸಾಕು. ಪುಸ್ತಕದಲ್ಲಿ ನೋಟ್‌ಗಳ ಕೆಳಗೆ ಆರ್, ಎಲ್ ಅಂತ ಇರುತ್ತದೆ. ಇಲ್ಲಿ ಬಲಕ್ಕೆ ಬ, ಎಡಕ್ಕೆ ಎ. ಎಡಗೈ ಬಳಸುವವರು ತಿರುಗಿಸಿಕೊಳ್ಳಿ.

ಸಿಂಗಲ್: ಬ ಎ ಬ ಎ
ಡಬಲ್: ಬ ಬ ಎ ಎ
ಪ್ಯಾರಾಡಿಡಲ್: ಬ ಎ ಬ ಬ, ಎ ಬ ಎ ಎ
ಫ್ಲ್ಯಾಮ್: ಚಿಕ್ಕ ನೋಟ್ ಒಂದು, ಅದಕ್ಕೆ ಅಂಟಿಕೊಂಡಂತೆ ದೊಡ್ಡ ನೋಟ್ ಒಂದು

ಸಿಂಗಲ್‌ನಲ್ಲಿ ಎಡಗೈ ದನಿ ತೆಳುವಾಗಿರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಕಣ್ಣು ಮುಚ್ಚಿ ಕೇಳಿ. ಯಾವುದು ಯಾವ ಕೈ ಎಂದು ಗೊತ್ತಾಗುತ್ತಿದ್ದರೆ ಕೆಲಸ ಬಾಕಿ ಇದೆ.

ಡಬಲ್‌ನಲ್ಲಿ ಎರಡನೇ ಹೊಡೆತ ಸಾಯುತ್ತದೆ. ನಿಧಾನ ವೇಗದಲ್ಲಿ ಎರಡನ್ನೂ ಮಣಿಕಟ್ಟಿನಿಂದಲೇ ನುಡಿಸಿ. ಬೇಕೆಂದೇ ಎರಡನೆಯದಕ್ಕೆ ಆ್ಯಕ್ಸೆಂಟ್ ಕೊಟ್ಟು ಅಭ್ಯಾಸ ಮಾಡಿ. ವೇಗ ಹೆಚ್ಚಿದ ಮೇಲೆ ಪುಟಿತ ಮತ್ತು ಬೆರಳು ಆ ಕೆಲಸ ವಹಿಸಿಕೊಳ್ಳುತ್ತವೆ.

ಪ್ಯಾರಾಡಿಡಲ್‌ನಲ್ಲಿ ಪ್ರತಿ ಗುಂಪಿನ ಮೊದಲ ನೋಟಿಗೆ ಆ್ಯಕ್ಸೆಂಟ್. ಒಮ್ಮೆ ಬಲ, ಒಮ್ಮೆ ಎಡ. ಆ ಆ್ಯಕ್ಸೆಂಟ್ ಮುಗಿದ ಕೂಡಲೇ ಕೈ ಕೆಳಗಿರಬೇಕು. ನಾಲ್ಕನೇ ಹಂತದ ಡೌನ್ ಹೊಡೆತ ಇಲ್ಲಿ ಕೆಲಸಕ್ಕೆ ಬರುತ್ತದೆ.

ಫ್ಲ್ಯಾಮ್‌ನಲ್ಲಿ ಎರಡು ಸ್ಟಿಕ್‌ಗಳ ಎತ್ತರ ಬೇರೆ ಇರಬೇಕು, ಒಂದು 5, ಇನ್ನೊಂದು 30 ಸೆಂಟಿಮೀಟರ್. ಎರಡೂ ಒಟ್ಟಿಗೆ ಇಳಿಯಲಿ, ಎತ್ತರದ ವ್ಯತ್ಯಾಸವೇ ಫ್ಲ್ಯಾಮ್ ಮಾಡುತ್ತದೆ. ಒಂದಾದ ಮೇಲೊಂದು ಹೊಡೆಯಲು ಹೋದರೆ ಅದು ಎರಡು ನೋಟ್ ಆಗುತ್ತದೆ.

ವೇಗ ಏರಿಸುವುದಕ್ಕೆ ಸರಳ ಲೆಕ್ಕ ಇದೆ. 60ರಲ್ಲಿ ಎರಡು ನಿಮಿಷ ಬಿಗಿಯಿಲ್ಲದೆ ನಡೆದರೆ 64ಕ್ಕೆ ಹೋಗಿ. ಕೆಟ್ಟರೆ 4 ಅಲ್ಲ, 10 ಇಳಿಸಿ. ಸ್ಪೀಡ್ ತೋರಿಸುವ ವೀಡಿಯೋಗಳನ್ನು ಈ ಹಂತದಲ್ಲಿ ನೋಡದಿದ್ದರೇ ಒಳ್ಳೆಯದು.

## ಹಂತ 6: ಕಿಟ್ ಮೇಲೆ ಮೊದಲ ಬೀಟ್

ಕಿಟ್ ಮುಂದೆ ಕೂರುವ ಮೊದಲು ಕಿವಿಗೆ ಇಯರ್‌ಪ್ಲಗ್ ಹಾಕಿ. ಮುಚ್ಚಿದ ಕೋಣೆಯಲ್ಲಿ ಸ್ನೇರ್ ಮತ್ತು ಕ್ರ್ಯಾಶ್ ಸದ್ದು ಸುಲಭವಾಗಿ 100 ಡೆಸಿಬಲ್ ದಾಟುತ್ತದೆ. ಹೋದ ಕಿವಿ ವಾಪಸ್ ಬರುವುದಿಲ್ಲ.

ಓದುವ ನಿಯಮ ಇಷ್ಟೇ: ಒಂದೇ ನೆಟ್ಟ ಸಾಲಿನಲ್ಲಿ ಇರುವುದೆಲ್ಲ ಒಂದೇ ಕ್ಷಣಕ್ಕೆ. ಕಡ್ಡಿ ಮೇಲಕ್ಕಿದ್ದರೆ ಕೈ, ಕೆಳಗಿದ್ದರೆ ಕಾಲು, ಅಂತ ಬರೆಯುವ ಪುಸ್ತಕಗಳೇ ಹೆಚ್ಚು. ಈ ಬೀಟ್ ತಗೊಳ್ಳಿ:

ಎಣಿಕೆ: 1 & 2 & 3 & 4 &
ಹೈ-ಹ್ಯಾಟ್: × × × × × × × ×
ಸ್ನೇರ್: – – ● – – – ● –
ಕಿಕ್: ● – – – ● ● – –

ನಾಲ್ಕೂ ಸಾಲನ್ನು ಒಟ್ಟಿಗೆ ನುಡಿಸಬೇಡಿ. ಮೊದಲು ಎಣಿಕೆ ಮತ್ತು ಹೈ-ಹ್ಯಾಟ್. ಆಮೇಲೆ ಸ್ನೇರ್ ಸೇರಿಸಿ. ಈಗ ಸ್ನೇರ್ ಬಿಟ್ಟು ಹೈ-ಹ್ಯಾಟ್ ಜೊತೆ ಕಿಕ್. ಎರಡೂ ಜೋಡಿ ನಿಂತ ಮೇಲೆ ಮೂರನ್ನೂ ಸೇರಿಸಿ. ಕಷ್ಟ ಇರುವುದು ಮೂರರ & ನಲ್ಲಿ ಬರುವ ಕಿಕ್. ಅಲ್ಲಿ ಕೈ ಕಾಲಿನ ಹಿಂದೆ ಹೋಗಿ ಹೈ-ಹ್ಯಾಟ್ ಒಂದು ಹೊಡೆತ ತಪ್ಪುತ್ತದೆ. ಹಾಗಾದರೆ ‘3 & 4’ ಅಷ್ಟನ್ನೇ ಸುತ್ತಿ ಸುತ್ತಿ ನುಡಿಸಿ, ಇಡೀ ಬಾರ್ ಬೇಡ.

ಸಾಲಿನಲ್ಲಿ ಇದ್ದವು ನಿಜವಾಗಿಯೂ ಒಟ್ಟಿಗೆ ಬೀಳುತ್ತಿವೆಯೇ ಕೇಳಿಸಿಕೊಳ್ಳಿ. ಕಿಕ್ ಮತ್ತು ಹೈ-ಹ್ಯಾಟ್ ನಡುವೆ ‘ಟ-ಕ್’ ಅಂತ ಸಣ್ಣ ಸಂದು ಕೇಳಿದರೆ ವೇಗ ಇಳಿಸಿ.

## ಹಂತ 7: ದಾರಿ ತೋರಿಸುವ ಗುರುತುಗಳು

ಹಾಳೆಯಲ್ಲಿ ಕಳೆದುಹೋಗುವುದು ಹೆಚ್ಚಾಗಿ ನೋಟ್‌ಗಳಿಂದಲ್ಲ, ಈ ಗುರುತುಗಳಿಂದ. ಎರಡು ಚುಕ್ಕೆ ಇರುವ ದಪ್ಪ ಗೆರೆ ರಿಪೀಟ್. ಓರೆಗೆರೆಯ ಎರಡು ಪಕ್ಕ ಚುಕ್ಕೆ ಇದ್ದರೆ ಹಿಂದಿನ ಬಾರ್ ಮತ್ತೆ ನುಡಿಸಿ. 1, 2 ಎಂದು ಬರೆದ ಆವರಣ ಕಂಡರೆ ಮೊದಲ ಸುತ್ತಿಗೆ ಒಂದು ಕೊನೆ, ಎರಡನೇ ಸುತ್ತಿಗೆ ಇನ್ನೊಂದು. ಡಿ.ಸಿ. ಎಂದರೆ ಮೊದಲಿಗೆ ವಾಪಸ್, ಡಿ.ಎಸ್. ಎಂದರೆ ವಿಶೇಷ ಗುರುತಿಟ್ಟ ಜಾಗಕ್ಕೆ ವಾಪಸ್, ಕೋಡಾ ಎಂದರೆ ಕೊನೆಯ ಭಾಗಕ್ಕೆ ನೆಗೆತ. ಫಿಲ್ (ಬೀಟ್ ನಡುವೆ ತುಂಬಿಸುವ ಪುಟ್ಟ ತುಣುಕು) ಎಂದು ಬರೆದು ಬರೀ ಓರೆಗೆರೆ ಕೊಟ್ಟಿದ್ದರೆ ಅಷ್ಟು ಬೀಟ್ ನಿಮ್ಮಿಷ್ಟ.

ನುಡಿಸುವ ಮೊದಲೇ ಪೆನ್ಸಿಲ್ ಹಿಡಿದು ಬೆರಳಿಟ್ಟು ಇಡೀ ದಾರಿ ಒಮ್ಮೆ ನಡೆದುಬನ್ನಿ. ನೆಗೆಯಬೇಕಾದ ಕಡೆ ಬಾಣ ಹಾಕಿ.

## ಹಂತ 8: ಹೊಸ ಹಾಳೆ ಓದುವುದು

ಹಾಳೆ ಸಿಕ್ಕ ಕೂಡಲೇ ಸ್ಟಿಕ್ ಎತ್ತಬೇಡಿ. ಮೊದಲು ತಾಳದ ಅಂಕಿ (4/4 ಥರದ್ದು), ಟೆಂಪೋ, ರಿಪೀಟ್ ನೋಡಿ. ಆಮೇಲೆ ಅತಿ ಕಷ್ಟದ ಬಾರ್ ಹುಡುಕಿ, ಅದನ್ನು ಬಾಯಲ್ಲಿ ಹೇಳಿ. ಅದನ್ನು ಯಾವ ವೇಗದಲ್ಲಿ ತಡವರಿಸದೆ ಹೇಳಬಲ್ಲಿರೋ ಇಡೀ ಹಾಳೆಗೆ ಅದೇ ವೇಗ. ಮೊದಲ ಬಾರ್ ಸುಲಭ ಅಂತ ಜೋರಾಗಿ ಶುರುಮಾಡಿದವರು ಐದನೇ ಬಾರ್‌ನಲ್ಲಿ ಮುಗ್ಗರಿಸುತ್ತಾರೆ.

ನುಡಿಸುವಾಗ ತಪ್ಪಿದರೆ ನಿಲ್ಲಬೇಡಿ, ಹಿಂದೆ ಹೋಗಿ ಸರಿಮಾಡಲೂ ಬೇಡಿ. ಎಣಿಕೆ ಬಿಡದೆ ಮುಂದಿನ ಒಂದಕ್ಕೆ ಸೇರಿಕೊಳ್ಳಿ. ಕೈ ಈ ಬಾರ್‌ನ ನಾಲ್ಕನೇ ಬೀಟ್‌ನಲ್ಲಿದ್ದಾಗ ಕಣ್ಣು ಆಗಲೇ ಮುಂದಿನ ಬಾರ್‌ನಲ್ಲಿರಬೇಕು. ಇದು ಬಾರದಿದ್ದರೆ ಜೊತೆಗೆ ಒಬ್ಬರನ್ನು ಕೂರಿಸಿಕೊಂಡು, ನುಡಿಸುತ್ತಿರುವ ಬಾರ್ ಅನ್ನು ಕಾರ್ಡಿನಿಂದ ಮುಚ್ಚುತ್ತಾ ಹೋಗಲು ಹೇಳಿ.

ದಿನಕ್ಕೆ ಅರ್ಧ ಗಂಟೆ ಇದ್ದರೆ ಹತ್ತು ನಿಮಿಷ ಪ್ಯಾಡ್ ಮೇಲೆ ಹೊಡೆತ ಮತ್ತು ರುಡಿಮೆಂಟ್, ಹತ್ತು ನಿಮಿಷ ಬಾಯಿ-ಚಪ್ಪಾಳೆ, ಕೊನೆಯ ಹತ್ತು ನಿಮಿಷ ಹೊಸ ಹಾಳೆ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ಇದು ಲಾಭ.

ಓದುವ ಅಭ್ಯಾಸಕ್ಕೆ ಒಂದೇ ಹಾಳೆಯನ್ನು ಪದೇ ಪದೇ ಬಳಸಬೇಡಿ. ಎರಡು ಮೂರು ಸಲ ಆದ ಮೇಲೆ ಕಣ್ಣು ಓದುವುದಿಲ್ಲ, ನೆನಪು ನುಡಿಸುತ್ತದೆ. ಹೊಸದು ಸಿಗದಿದ್ದರೆ ಹಳೆಯ ಹಾಳೆಯನ್ನೇ ಕೊನೆಯ ಬಾರ್‌ನಿಂದ ಮೊದಲ ಬಾರ್ ಕಡೆಗೆ, ಒಂದೊಂದೇ ಬಾರ್ ಹಿಂದಕ್ಕೆ ಹೋಗುತ್ತಾ ಓದಿ.